ನೆಲ ಕುಡಿದ ನೀರು

ಬಂದವರನ್ನು ಎಲ್ಲಿ ಕೂಡಿಸಬೇಕು ಎಂಬುದನ್ನು ಮಾವ ಶಿದ್ರಾಮಪ್ಪನವರು ಬೆಳಿಗ್ಗೆಯೇ ಹೇಳಿಟ್ಟಿದ್ದರು. ಪಡಸಾಲೆಯ ನಟ್ಟನಡುವೆ, ಬೆಳಕಿಂಡಿಯ ಕೆಳಗೆ ಗಾದಿ ಹಾಸಬೇಕು. ಗಾದಿಯ ಮೇಲೆ ಬಿಳಿ ಚಾದರ, ಬೆನ್ನಿಗೆ ಲೋಡು.

“ಮನಿ ನೋಡಾಕ ಬಂದಾವ ಎದ್ದು ಹೋಗೂತನಕ ಗಾದಿ ಸರೀಬಾರದು, ಗಂಗವ್ವಾ.”

“ಸರಿಯೂದಿಲ್ರಿ ಮಾವಾರ,” ಎಂದಳು ಸೊಸೆ ಶಿವಗಂಗವ್ವ.

ಹೊರಗೆ ಬನಹಟ್ಟಿಯ ಬಿಸಿಲು ಮಾಳಿಗೆಗಳನ್ನು ಸುಡುತ್ತಿತ್ತು. ಓಣಿಯ ಮಗ್ಗಗಳು ಒಂದರ ಹಿಂದೊಂದು ಕಟಕಟ ಎನ್ನುತ್ತಿದ್ದವು. ಆದರೂ ಗಾದಿ ಹಾಸುವಾಗ ಅವಳ ಅಂಗೈ ತಣ್ಣಗಾಯಿತು. ಅಲ್ಲಿಯ ನೆಲವೇ ಹಾಗೆ. ಬೆಳಕಿಂಡಿಯ ಬಿಸಿಲು ನೇರವಾಗಿ ಬಿದ್ದರೂ ಆ ಒಂದು ತುಂಡು ನೆಲ ಬಿಸಿಯಾಗುತ್ತಿರಲಿಲ್ಲ.

ಮನೆ ಮಾರಲು ಕಾರಣಗಳಿದ್ದವು. ಮುದುಕರ ಕಣ್ಣು ಮಂಜಾಗುತ್ತ ಬಂದಿದ್ದವು. ಮಗ, ಗಂಗವ್ವನ ಗಂಡ ಸಾಬಣ್ಣ ತೀರಿಕೊಂಡ ಮೇಲೆ ಜೋಳದ ವ್ಯಾಪಾರ ನೋಡುವವರಿರಲಿಲ್ಲ. ಬೀಳಗಿಯಲ್ಲಿದ್ದ ಮಗಳು ಬಂದುಬಿಡಿರೆಂದು ಹೇಳಿ ಕಳಿಸುತ್ತಿದ್ದಳು. ಕೊಳ್ಳಲು ಬಂದವನು ರಬಕವಿಯ ನೇಕಾರ ಈರಪ್ಪ. ಅಣ್ಣತಮ್ಮಂದಿರಿಂದ ಬೇರೆಯಾಗಿ ತನ್ನ ಸ್ವಂತ ಮಗ್ಗ ಹೂಡಲು ಮನೆ ಹುಡುಕುತ್ತಿದ್ದ.

ಎತ್ತರದ ಆಳು. ಉಗುರ ಸಂದಿಯಲ್ಲಿ ನೂಲಿನ ನೀಲಿ ಬಣ್ಣ ಉಳಿದಿತ್ತು. ಸಂತೆಯಲ್ಲಿ ಗಡಿಗೆ ಕೊಳ್ಳುವವರಂತೆ ಬೆರಳ ಗೆಣ್ಣಿನಿಂದ ಗೋಡೆ ಬಡಿದು ನೋಡಿದ. ಕಂಬ ಬಡಿದ. ಕದ ಬಡಿದ.

“ಒಳಗ ಯಾರರ ಅದಾರೇನಂತ ಬಡದು ಕೇಳಾಕತ್ತೀರೇನ್ರಿ?” ಅಡಿಗೆಮನೆಯ ಬಾಗಿಲ ಮರೆಯಿಂದ ಗಂಗವ್ವ ಕೇಳಿಯೇಬಿಟ್ಟಳು. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಈರಪ್ಪ ಅವಳ ಕಡೆ ನೋಡಿದ. ಒಂದು ಗಳಿಗೆ ಅವನ ಕಣ್ಣು ನಕ್ಕವು. ಮರುಗಳಿಗೆಗೆ ಮುಖವನ್ನು ಅತ್ತ ತಿರುಗಿಸಿಕೊಂಡು, “ಏನಂದ್ರಿ?” ಎಂದ.

ತಾಳಿಯಿಲ್ಲದ ಬರಿಗೊರಳಿನ ಹೆಣ್ಣನ್ನು ಕಂಡು ಮುಖ ತಿರುಗಿಸುವವರು ಊರಲ್ಲಿ ಇದ್ದೇ ಇದ್ದರು. ಇವನೂ ಅವರಲ್ಲೊಬ್ಬ. ಗಂಗವ್ವ ಒಳಗೆ ಹೋಗಿ, ಬೆಲ್ಲದ ತುಂಡು, ತಂಬಿಗೆ ನೀರು ತಂದು ಅವನ ಮುಂದೆ ಇಟ್ಟಳು.

ಈರಪ್ಪ ಗಾದಿಯ ಮೇಲೆ ಕೂತು ಬೆಲ್ಲ ಬಾಯಿಗೆ ಹಾಕಿಕೊಂಡ. ನೀರು ಮುಟ್ಟಲಿಲ್ಲ.

“ಯಜಮಾನರ, ಮನಿಗೆ ಏನರ ಬಾಧಿ ಐತೇನ್ರಿ? ಇದ್ರ ಹೇಳಿಬಿಡ್ರಿ.”

“ಏನ ಬಾಧಿ? ನಮ್ಮಪ್ಪ ಕಟ್ಟಿಸಿದ್ದು. ಬ್ಯಾಸಗ್ಯಾಗ ತಂಪು, ಚಳಿಗಾಲದಾಗ ಬೆಚ್ಚಗ. ಏನೂ ಇಲ್ಲ.”

ಶಿದ್ರಾಮಪ್ಪನವರ ‘ಇಲ್ಲ’ ಎಂಬ ಮಾತು ಮುಗಿಯುವ ಮೊದಲು ಗಾದಿಯ ಕೆಳಗೆ ಎಲ್ಲೋ ಆಳದಲ್ಲಿ ಒಂದು ಸಪ್ಪಳವಾಯಿತು. ಬರಿಗಾಲಿನವನು ಒಂದು ಹೆಜ್ಜೆ ಇಟ್ಟಂತೆ. ತಂಬಿಗೆಯ ನೀರಿನ ಮೇಲೆ ಸಣ್ಣದೊಂದು ಬಳೆಯ ಹಾಗೆ ಅಲೆ ಎದ್ದು, ಅಂಚಿಗೆ ಹೋಗಿ ಸತ್ತಿತು.

ಈರಪ್ಪ ಆ ನೀರನ್ನೇ ನೋಡಿದ. ಆಮೇಲೆ ಗಂಗವ್ವನ ಮುಖ ನೋಡಿದ. ಆಮೇಲೆ ತಂಬಿಗೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಎದ್ದ.

“ಇನ್ನೊಮ್ಮೆ ಬರತೇನ್ರಿ,” ಎಂದ.

ಅವನು ಹೊಸ್ತಿಲು ದಾಟುವಷ್ಟರಲ್ಲಿ ಮಗ್ಗುಲ ಮನೆಯ ಹಣಮವ್ವ ಹಾಜರಾದಳು.

“ಏನಬೇ ಗಂಗಿ, ರಬಕಾವಿ ಗಂಡು ಮನಿ ನೋಡಾಕ ಬಂದಿತ್ತೋ, ನಿನ್ನ ನೋಡಾಕ ಬಂದಿತ್ತೋ?”

“ನನ್ನ ಮಾರಿ ನೋಡಾಕ ಅವಗ ಮೈಲಿಗಿ. ಕೈಯಾಗಿನ ನೀರೂ ಮುಟ್ಟಲಿಲ್ಲ, ನೋಡಲ್ಲೆ.”

ತುಂಬಿದ ತಂಬಿಗೆ ಗಾದಿಯ ಮಗ್ಗುಲಲ್ಲಿ ಹಾಗೇ ಇತ್ತು. ಹಣಮವ್ವ ಅದನ್ನು ನೋಡಿ, “ಸೊಕ್ಕಿನ ಗಂಡು, ಬಿಡು. ನೋಡಾಕ ಮಾತ್ರ ಛಲೋ ಐತಿ,” ಎಂದು ಬೇರೆಯವರ ಬಾಯಾರಿಕೆ ತಾನೇ ತೀರಿಸುವವಳಂತೆ ಗಟಗಟ ಕುಡಿದು ಹೋದಳು.

ಈ ಸೀಮೆಯಲ್ಲಿ ಜೋಳವನ್ನು ನೆಲದೊಳಗೆ ಇಡುತ್ತಾರೆ. ಕೊಡದ ಹಾಗೆ ಮೇಲೆ ಸಣ್ಣ ಬಾಯಿ, ಕೆಳಗೆ ದೊಡ್ಡ ಹೊಟ್ಟೆ ಬರುವಂತೆ ತೋಡಿ, ಕಾಳು ಸುರುವಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಾರೆ. ಅದು ಹಗೇವು. ಹಗೇವು ತೆರೆದ ಕೂಡಲೆ ಯಾರೂ ಇಳಿಯುವುದಿಲ್ಲ. ಬಾಯಿ ತೆರೆದಿಟ್ಟು ಗಾಳಿಯಾಡಲು ಬಿಟ್ಟು, ಆಮೇಲೆ ಒಂದು ದೀಪ ಇಳಿಬಿಡುತ್ತಾರೆ. ದೀಪ ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಇಲ್ಲ.

ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಹೊಸದರಲ್ಲಿ ಧಾನ್ಯಕ್ಕೆ ಕಂಟ್ರೋಲು, ಲೆವಿ ಎಂದು ಬಹಳ ಬಿಗಿಯಿತ್ತು; ಕೂಡಿಟ್ಟ ಕಾಳನ್ನು ಸರಕಾರದವರು ಹುಡುಕಿ ಒಯ್ಯುತ್ತಿದ್ದರು. ಹೊಲದ, ಬಯಲಿನ ಹಗೇವುಗಳೆಲ್ಲ ಸರಕಾರದವರಿಗೆ ಗೊತ್ತು. ಅದಕ್ಕೇ ಸಾಬಣ್ಣ ಯಾರಿಗೂ ತಿಳಿಯದಂತೆ ಪಡಸಾಲೆಯ ನಡುವೆಯೇ ಒಂದು ಹಗೇವು ತೋಡಿದ್ದ. ಒಂದು ಸಂಜೆ, ಸರಕಾರದವರು ಓಣಿಗೆ ಬರುತ್ತಾರೆಂದು ಸುದ್ದಿ ಹಬ್ಬಿತು. ಮನೆಯಲ್ಲಿ ಉಳಿದಿದ್ದ ಚೀಲಗಳನ್ನೂ ಒಳಗೆ ಬಚ್ಚಿಡಬೇಕೆಂದು ಸಾಬಣ್ಣ ಕದ ಹಾಕಿ, ಬೆಳಕಿಂಡಿಗೆ ಚಾಪೆ ಹೊದಿಸಿ, ಚಪ್ಪಡಿ ಸರಿಸಿದ. ಗಾಳಿಯಾಡಲು ಬಿಡುವ ವೇಳೆಯಿರಲಿಲ್ಲ. ದೀಪ ಹಚ್ಚಿದರೆ ಸಂದಿಯಿಂದ ಬೆಳಕು ಕಾಣುತ್ತದೆಂದು ದೀಪವನ್ನೂ ಹಚ್ಚಲಿಲ್ಲ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, “ಈಗ ಬಂದೆ,” ಎಂದು ಇಳಿದ. ಅಪ್ಪ ಮತ್ತು ಹೆಂಡತಿ ಹಗ್ಗ ಎಳೆದು ಮೇಲೆ ತಂದಾಗ ಅವನಲ್ಲಿ ಉಸಿರಿರಲಿಲ್ಲ.

ಎದೆ ಹಿಡಿದುಕೊಂಡು ಹೋದ ಎಂದು ಊರಿಗೆ ಹೇಳಿದರು. ಶಿವನ ಚಿತ್ತ ಎಂದು ಊರವರು ಹೇಳಿದರು. ಶಿದ್ರಾಮಪ್ಪನವರು ತಾವೇ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರು. ಗಂಗವ್ವ ಅದರ ಮೇಲೆ ಸೆಗಣಿ ಸಾರಿಸಿದಳು. ನೆಲ ನೆಲದಂತೆಯೇ ಆಯಿತು.

ಆದರೆ ಅವಳು ಪಡಸಾಲೆ ದಾಟುವಾಗೆಲ್ಲ ಅವಳ ಹೆಜ್ಜೆಯ ಹಿಂದೆ ಕೆಳಗಿನಿಂದ ಇನ್ನೊಂದು ಹೆಜ್ಜೆ ಕೇಳಿಸುತ್ತಿತ್ತು. ಪೊಳ್ಳು ನೆಲ, ಮಾರ್ದನಿ ಕೊಡುತ್ತದೆ ಎಂದು ಸಮಾಧಾನ ಮಾಡಿಕೊಂಡಿದ್ದಳು. ವರ್ಷಗಳು ಕಳೆದಂತೆ ಅದು ಅವಳ ಹೆಜ್ಜೆಯ ಜೊತೆಜೊತೆಗೇ ಬೀಳತೊಡಗಿತು. ಮನೆ ಮಾರುವ ಮಾತು ಎದ್ದ ಮೇಲೆ ಅವಳು ಕಾಲು ಊರುವ ಮೊದಲೇ ಬೀಳತೊಡಗಿತು. ಆಮೇಲೆ ಬರುವುದಕ್ಕೆ ಮಾರ್ದನಿ ಎನ್ನಬಹುದು. ಮೊದಲೇ ಬರುವುದಕ್ಕೆ ಏನೆನ್ನಬೇಕೋ ಅವಳಿಗೆ ತಿಳಿಯದು.

ಈರಪ್ಪ ಎರಡನೆಯ ಸಲ ಬಂದಾಗ ಹೆಗಲ ಮೇಲೆ ಅಳತೆಯ ಹಗ್ಗವಿತ್ತು. ಶಿದ್ರಾಮಪ್ಪನವರು ಒಳಗೆ ಲಿಂಗಪೂಜೆಗೆ ಕೂತಿದ್ದರು. ಹಣಮವ್ವ ಕಾವಲಿಗೆಂದು ಹೊಸ್ತಿಲ ಬಳಿ ಜೋಳ ಆರಿಸುತ್ತ ಕೂತಳು. ಕಾಳಿಗಿಂತ ಮಾತನ್ನೇ ಹೆಚ್ಚು ಆರಿಸುತ್ತಿದ್ದಳು.

ಇವನನ್ನು ಹೇಗಾದರೂ ಮಾಡಿ ಬೇರೆ ಮನೆಗೆ ಓಡಿಸಬೇಕೆಂದು ಗಂಗವ್ವ ನಿಶ್ಚಯಿಸಿದ್ದಳು. ಬೆಲ್ಲ ನೀರು ಇಟ್ಟು, ಕಂಬಕ್ಕೆ ಒರಗಿ ನಿಂತು ಶುರುಮಾಡಿದಳು.

“ನೋಡ್ರಿ, ಮಳಿಗಾಲದಾಗ ಆ ಮೂಡಲ ಮೂಲಿ ಸೋರತೈತಿ.”

“ಮಾಳಿಗಿಗೆ ಮಣ್ಣ ಹಾಕಿಸಿದ್ರಾತು.”

“ಹಿತ್ತಲ ಗ್ವಾಡಿಗೆ ಗೆದ್ದಲ ಹತ್ಯಾವು.”

“ನಮ್ಮ ಮನ್ಯಾಗೂ ಅದಾವ್ರಿ. ಬೀಗರಾಗತಾವ.”

ಹಣಮವ್ವ ಕಿಸಕ್ಕೆಂದಳು. ಗಂಗವ್ವ ನಗದಿರಲು ತುಟಿ ಬಿಗಿಹಿಡಿದಳು.

“ಬಾಗಲಾ ಚಿಲಕ ಬೀಳೂದಿಲ್ಲ. ಕಳ್ಳರು ಬರಬೇಕಂದ್ರ ಕರದಂಗ.”

“ಬರಲಿ. ಒಯ್ಯಾಕ ನಾನೊಬ್ಬನ ಸಿಗತೇನಿ.”

“ನಿಮ್ಮನ್ಯಾರ ಒಯ್ತಾರ?”

“ಅದನ್ನ ನಾನೂ ಕಾದು ನೋಡಾಕತ್ತೇನಿ.”

ಹೇಳುವಾಗ ಅವನು ಇವಳ ಕಡೆ ನೋಡುತ್ತಿದ್ದ. ಇವಳು ಬಾಯಿ ತೆರೆದ ಕೂಡಲೆ ಮುಖ ಅತ್ತ ತಿರುಗಿಸುತ್ತಿದ್ದ. ಗಂಗವ್ವನ ಮೈಯೆಲ್ಲ ಉರಿಯಿತು.

“ಅಡಿಗಿಮನಿ ಹೊಗಿ ಹೊರಗ ಹೋಗೂದಿಲ್ಲ. ದಿನಾ ಕಣ್ಣಾಗ ನೀರು ಬರತಾವ.”

ಈರಪ್ಪ ದನಿ ತಗ್ಗಿಸಿ ಹೇಳಿದ, “ಅದರ ಛಲೋ ಆತು. ಅಳಾವರಿಗೆ ಬ್ಯಾರೆ ನೆವ ಬೇಕಾಗೂದಿಲ್ಲ.”

ಹೊಸ್ತಿಲ ಬಳಿ ಹಣಮವ್ವನ ಮೊರ ನಿಂತಿತು.

“ಮನಿ ಮಾರಾವರು ತಾವ ನಿಂತು ಹಿಂಗ ದೋಷ ಹೇಳಿದ್ದು ನಾ ಎಲ್ಲೂ ಕಂಡಿಲ್ರಿ,” ಎಂದ ಈರಪ್ಪ. “ಸಣ್ಣೂವೆಲ್ಲಾ ಹೇಳಿದ್ರಿ. ದೊಡ್ಡದು ಏನರ ಉಳದೈತೇನು?”

ಒಳಗಿನಿಂದ ಮಾವನ ಪೂಜೆಯ ಗಂಟೆ ಕೇಳಿಸುತ್ತಿತ್ತು. ಗಂಗವ್ವ ಒಳಕೋಣೆಯ ಕಡೆ ನೋಡಿದಳು. ಅವನು ಎದ್ದ. ಹಗ್ಗ ಬಿಚ್ಚಿ, ಒಂದು ತುದಿಯನ್ನು ಗಾದಿಯ ಅಂಚಿಗೆ ಇಟ್ಟ.

“ನನ್ನ ಮಗ್ಗ ಇಲ್ಲೇ ಹೂಡತೇನ್ರಿ. ಬೆಳಕಿಂಡಿ ಬೆಳಕು ಇಷ್ಟ ನೆಟ್ಟಗ ಬೀಳೂ ಜಾಗಾ ಬ್ಯಾರೆ ಇಲ್ಲ. ಇಲ್ಲೇ ಕುಣಿ ತೋಡಿ, ಕಾಲ ಇಳಿಬಿಟ್ಟು ಕುಂತ್ರ ಸಂಜೀತನಕ ನೇಯಬಹುದು.”

“ಕುಣಿ ಯಾರ ತೋಡತಾರ?”

“ನಾನ. ತನ್ನ ಮಗ್ಗದ ಕುಣಿ ನೇಕಾರ ತಾನ ತೋಡಬೇಕು. ನಮ್ಮ ಮನ್ಯಾಗ ಅದು ಪದ್ಧತಿ.”

ಅಳೆಯಲೆಂದು ಅವನು ಕಾಲೆತ್ತಿದ. ಕಾಲು ಇನ್ನೂ ಗಾಳಿಯಲ್ಲಿತ್ತು. ಕೆಳಗೆ ಹೆಜ್ಜೆ ಬಿತ್ತು.

ಅವನು ಎತ್ತಿದ ಕಾಲನ್ನು ಹಾಗೇ ಹಿಂದೆ ತೆಗೆದುಕೊಂಡ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮಟಮಟ ಮಧ್ಯಾಹ್ನ, ಓಣಿಯ ತುಂಬ ಮಗ್ಗದ ಸದ್ದು, ಬೆಳಕಿಂಡಿಯ ಬಿಸಿಲಿನಲ್ಲಿ ಧೂಳಿನ ಕಣಗಳು ಒಂದೂ ಅಲುಗದೆ ನಿಂತಿದ್ದವು.

“ಹೇಳ್ರಿ, ಗಂಗವ್ವಾರ,” ಎಂದ ಅವನು. ಅವಳ ಹೆಸರು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು.

“ಮಾವಾರು ಪೂಜಿ ಮುಗಿಸಿ ಬರತಾರ. ಅವರನ್ನ ಕೇಳ್ರಿ,” ಎಂದು ಅವಳು ಒಳಗೆ ಓಡಿದಳು. ಅಂದೂ ನೀರು ತಂಬಿಗೆಯಲ್ಲಿಯೇ ಉಳಿಯಿತು.

ಅವನು ಹೋದ ಮೇಲೆ ಗಂಗವ್ವ ಮಾವನ ಮುಂದೆ ಕೂತಳು.

“ಮಾವಾರ, ಅವ ಅಲ್ಲೇ ಕುಣಿ ತೋಡತಾನಂತ. ಹಾರಿ ಏಟಿಗೆ ಚಪ್ಪಡಿ ಒಡದ್ರ ಒಳಗ ಹೋಗತಾನ. ಇವರ ಹೋದಂಗ ಹೋಗತಾನ.”

“ಬ್ಯಾರೆ ಕಡಿ ತೋಡಪಾ ಅನ್ನೂಣು.”

“ಯಾಕಂತ ಕೇಳಿದ್ರ?”

ಮುದುಕರು ತಡಕಾಡುತ್ತ ಬಂದು ಗಾದಿ ಸರಿಸಿ, ಅವಳ ಕೈ ಹಿಡಿದು ಆ ತಣ್ಣನೆಯ ನೆಲದ ಮೇಲೆ ಇಟ್ಟರು.

“ಅವನ ಮೈ ಮಣ್ಣ ಮಾಡಿ ಬಂದ್ವಿ. ಖರೆ. ಆದ್ರ ಅವನ ಕಡೀ ಉಸರು ಇಲ್ಲೇ ಬಿಟ್ಟಾನ. ಆವತ್ತ ಚಪ್ಪಡಿ ಮುಚ್ಚಿದಾಗ ಅದನ್ನೂ ಒಳಗ ಮುಚ್ಚೇನಿ. ನೀ ಮಧ್ಯಾಹ್ನ ಅಡ್ಡಾದಾಗ ನಾ ದಿನಾ ಕಿವಿ ಇಟ್ಟ ಕೇಳತೇನಿ. ಆಡತೈತಿ, ಗಂಗವ್ವಾ. ಇನ್ನೂ ಆಡತೈತಿ. ಯಾರಿಗರ ಹೇಳಿದ್ರ ತಗೀತಾರ. ತಗದ್ರ ಹೋಗಿಬಿಡತೈತಿ.”

“ಹಂಗಾರ ಮನಿ ಯಾಕ ಮಾರತೀರಿ?”

“ನನ್ನ ಕಣ್ಣ ಹೋದ ಮ್ಯಾಲ ಈ ಮನಿ ಹಾಳ ಬೀಳತೈತಿ. ಮಾಳಿಗಿ ಕುಸದ್ರ ಅವನ ಮ್ಯಾಲ ಬೀಳತೈತಿ. ಯಾರರ ಬಂದು ಇರಲಿ. ಅವನ ಮ್ಯಾಲ ಸಂಜೀಕ ಒಂದ ದೀಪ ಹಚ್ಚಲಿ. ಅಷ್ಟ.”

ಗಂಗವ್ವ ಮಾವನ ಕೈಯನ್ನು ತನ್ನ ಕಣ್ಣಿಗೆ ಒತ್ತಿಕೊಂಡಳು. ಆ ಮುದುಕರು ಯಾರಿಗೂ ಮೋಸ ಮಾಡುತ್ತಿರಲಿಲ್ಲ. ಮಗನನ್ನು ಮುಚ್ಚಿ ಕಾಯುತ್ತಿದ್ದರು. ಆದರೆ ಅವರು ಮುಚ್ಚಿದ್ದರ ಮೇಲೆ ನಾಳೆ ಇನ್ನೊಬ್ಬ ತಾಯಿಯ ಮಗ ಹಾರೆ ಎತ್ತುವವನಿದ್ದ.

ಮರುದಿನ ಬೆಳಿಗ್ಗೆ ಅವಳು ದೇವರ ಜಗುಲಿಯ ಮುಂದೆ ಬಹಳ ಹೊತ್ತು ಕೂತಳು. ವಿಭೂತಿ ಹಚ್ಚಿಕೊಂಡಳು. ಬೇಡಲು ಮಾತು ಸಿಗಲಿಲ್ಲ. ತಂದೆ, ನನ್ನ ನಾಲಿಗೆಯನ್ನು ನೀನೇ ಎತ್ತು ಎಂದಷ್ಟೇ ಬೇಡಿದಳು. ಮಾವನ ಮಾತು ಮೀರುವುದು ಅವಳಿಗೆ ಬೆಂಕಿ ತುಳಿದಷ್ಟು ಕಷ್ಟ. ಮುಖ ತಿರುಗಿಸುವ ಆ ನೇಕಾರನ ಜೀವಕ್ಕಾಗಿ ತನ್ನ ಜೀವ ಯಾಕೆ ಇಷ್ಟು ಹೊಯ್ದಾಡುತ್ತದೆ ಎಂಬುದನ್ನು ದೇವರನ್ನೂ ಕೇಳಲಿಲ್ಲ.

ಅಂದು ಈರಪ್ಪ ಕೊನೆಯ ಮಾತು ಹೇಳಲು ಬಂದ. ಮಾರನೆಯ ದಿನ ಹಿರಿಯರು ಕೂಡಿ ವ್ಯವಹಾರ ಮುಗಿಸುವುದೆಂದು ಗೊತ್ತಾಗಿತ್ತು. ಅವನು ಗಾದಿಯ ಮೇಲೆ ಕೂತ. ಶಿದ್ರಾಮಪ್ಪನವರು ಎದುರಿನ ಕಂಬಕ್ಕೆ ಒರಗಿದರು. ಗಂಗವ್ವ ನೀರಿನ ತಂಬಿಗೆ ಹಿಡಿದು ಬಂದಳು.

“ಯಜಮಾನರ, ಕಡೀ ಸಲ ಕೇಳತೇನಿ. ಮನಿಗೆ ಏನರ ಬಾಧಿ ಐತೇನು?”

“ಏನೂ ಇಲ್ಲಪಾ.”

ಕೆಳಗೆ ಸಪ್ಪಳವಾಯಿತು. ಈ ಸಲ ಒಂದಲ್ಲ, ಬಿಡದೆ ಒಂದರ ಮೇಲೊಂದು.

“ಏಳ್ರಿ ಮ್ಯಾಲ!” ಎಂದಳು ಗಂಗವ್ವ.

ಈರಪ್ಪ ಎದ್ದ. ಅವಳು ಗಾದಿಯನ್ನು ಒಂದೇ ಸಲಕ್ಕೆ ಎಳೆದು ಬಿಸಾಡಿದಳು.

“ನನ್ನ ಕೈಯಾಗಿನ ನೀರು ನೀವು ಹ್ಯಾಂಗೂ ಕುಡ್ಯೂದಿಲ್ಲ. ನೆಲರ ಕುಡೀಲಿ. ನೋಡ್ರಿ.”

ತಂಬಿಗೆ ಬಗ್ಗಿಸಿದಳು. ನೀರು ಸಾರಿಸಿದ ನೆಲದ ಮೇಲೆ ಹರಡಿತು. ಮೊದಲು ಸುಮ್ಮನೆ ನಿಂತಿತು. ಆಮೇಲೆ ಯಾರೋ ಬೆರಳಿನಿಂದ ಗೆರೆ ಎಳೆದಂತೆ ಸುತ್ತಲೂ ಒಂದು ದುಂಡನೆಯ ಕಪ್ಪು ಗೆರೆ ಮೂಡಿತು. ನೀರೆಲ್ಲ ಆ ಗೆರೆಗೆ ಓಡಿತು. ನೋಡುತ್ತಿದ್ದಂತೆ ನೆಲ ಅದನ್ನು ಗುಟುಕರಿಸಿ ಕುಡಿಯಿತು. ಮೂವರೂ ಉಸಿರು ಹಿಡಿದು ನಿಂತರು. ಬಹಳ ಹೊತ್ತಿನ ಮೇಲೆ, ಬಹಳ ಕೆಳಗೆ, ಒಂದು ಹನಿ ತೊಟ್ಟೆಂದಿತು.

“ಹಗೇವೈತಿ,” ಎಂದಳು ಗಂಗವ್ವ. “ಮುಚ್ಚಿದ್ದು ಮತ್ತ ತಗದಿಲ್ಲ. ಒಳಗ ಕೆಟ್ಟ ಗಾಳಿ ಐತಿ. ನನ್ನ ಗಂಡ ಇದರಾಗ ಹೋಗ್ಯಾನ. ಇಲ್ಲಿ ಕುಣಿ ತೋಡಿದ್ರ ನೀವೂ ಹೋಗತೀರಿ. ನಮ್ಮ ಮನಿ ದೊಡ್ಡ ದೋಷ ಇದ. ಹೇಳೇನಿ. ತಗೊಂಡ್ರ ತಗೋರಿ, ಬಿಟ್ರ ಬಿಡ್ರಿ.”

“ಗಂಗವ್ವಾ!” ಎಂದು ಮುದುಕರು ಕೂಗಿಕೊಂಡರು. ಕಂಬ ಹಿಡಿದು ಕುಸಿದು ಕೂತರು.

ಈರಪ್ಪ ಮಂಡಿಯೂರಿ, ಎಡಗಿವಿಯನ್ನು ಒದ್ದೆ ನೆಲಕ್ಕೆ ಇಟ್ಟ. ಎಷ್ಟೋ ಹೊತ್ತು ಹಾಗೇ ಇದ್ದ. ಎದ್ದಾಗ ಅವನ ಕೆನ್ನೆಗೆ ಸೆಗಣಿಯ ಗುರುತಾಗಿತ್ತು.

“ನಿಮ್ಮ ಕೈಯಾಗಿನ ನೀರು ಕುಡ್ಯೂದಿಲ್ಲಂತ ಯಾರ ಹೇಳಿದ್ರು?” ಎಂದು ಗಂಗವ್ವನನ್ನು ಕೇಳಿದ.

“ಹೇಳಬೇಕೇನು? ನೋಡಿಲ್ಲೇನು?”

“ನಮ್ಮಪ್ಪ ಹೇಳಿಕೊಟ್ಟಿದ್ದು. ಮನಿ ತಗೊಳ್ಳಾಕ ಹೋದಾವ ಆ ಮನಿ ನೀರು ಕುಡದ ಅಂದ್ರ ಇದ್ದದ್ದು ಇದ್ದಂಗ ಒಪ್ಪಿಕೊಂಡಂಗ. ಆಮ್ಯಾಲ ದೋಷ ಕೇಳೂ ಬಾಯಿ ಇರೂದಿಲ್ಲ. ನೀವು ಹೇಳೂತನಕ ಹ್ಯಾಂಗ ಕುಡೀಲಿ? ಒಣ ಗಂಟಲದಾಗ ರಬಕಾವಿತನಕ ನಡಕೊಂಡ ಹೋಗೇನಿ, ಬಿಸಲಾಗ.”

ಗಂಗವ್ವನ ಕಿವಿ ಬಿಸಿಯಾದವು. ಆದರೂ ಬಿಡಲಿಲ್ಲ. “ಮತ್ತ ನಾ ಮಾತಾಡಿದಾಗೆಲ್ಲಾ ಮಾರಿ ಯಾಕ ತಿರುವತಿದ್ರಿ?”

ಅವನು ತಲೆ ತಗ್ಗಿಸಿದ. “ನಿಮ್ಮ ಮನಿ ದೋಷ ನೀವು ಹೇಳಿದ್ರಿ. ನನ್ನ ದೋಷ ನಾನೂ ಹೇಳಬೇಕಲಾ. ನನ್ನ ಎಡಗಿವಿ ಸಣ್ಣಂದಿನಿಂದ ಸತ್ತೈತಿ. ನಿಮ್ಮ ಒಂದ ಮಾತೂ ತಪ್ಪಬಾರದಂತ ಬಲಗಿವಿ ಕೊಡತಿದ್ದೆ.” ಮತ್ತೆ ಹೇಳಿದ, “ಇನ್ನೊಂದೈತಿ. ನನ್ನ ಹೇಣತಿ ಮಾದೇವಿ, ಹೆರಿಗ್ಯಾಗ ಹೋದಳು. ಅಕೀ ನೆನಪಾದಾಗ ಈಗೂ ಕೈಯಾಗಿನ ಲಾಳಿ ತಪ್ಪತೈತಿ. ಬಟ್ಟಿಯೊಳಗ ಒಂದೊಂದ ಕಡಿ ಗೆರಿ ಬೀಳತೈತಿ. ಅಷ್ಟ ನನ್ನ ಬಾಧಿ.”

ಅವಳು ಸೆರಗಿನ ತುದಿಯನ್ನು ಅವನ ಕಡೆಗೆ ಚಾಚಿ, ಕೆನ್ನೆ ಒರೆಸಿಕೊಳ್ಳಲು ಕಣ್ಣಿನಲ್ಲೇ ಹೇಳಿದಳು. ಕೊಡಬಾರದಿತ್ತೇನೋ ಎಂದು ಆಮೇಲೆ ಹೊಳೆಯಿತು. ಅವನು ಆಗಲೇ ಹಿಡಿದುಕೊಂಡಿದ್ದ.

“ಯಜಮಾನರ,” ಎಂದು ಈರಪ್ಪ ಮುದುಕರ ಮಗ್ಗುಲಿಗೆ ಹೋಗಿ ಕೂತ. “ಈ ಸತ್ತ ಕಿವಿಯಾಗ ನನಗ ಗುಡುಗು ಸುದ್ದಾ ಕೇಳೂದಿಲ್ಲ. ಆದ್ರ ಮೊದಲನೇ ದಿನ ಆ ಗಾದಿ ಮ್ಯಾಲ ಕುಂತಾಗ ಇದರೊಳಗ ಕೇಳತು. ಈಗೂ ಕೇಳತು.”

“ಉಸರು ಹೌದಲ್ಲೋ?” ಮುದುಕರು ಆಸೆಯಿಂದ ಮುಂದೆ ಬಾಗಿದರು. “ನನ್ನ ಮಗನ ಉಸರು ಹೌದಲ್ಲೋ?”

“ಅಲ್ರಿ. ಬಾಗಲಾ ಬಡಿಯೂ ಸಪ್ಪಳ. ಹೊರಗ ಬರಾಕ ಬಡಿಯಾಕತ್ತಂಗ.”

ಓಣಿಯ ಮಗ್ಗಗಳೆಲ್ಲ ಆ ಹೊತ್ತಿಗೆ ಊಟಕ್ಕೆ ನಿಂತಿದ್ದವು. ಆ ಮೌನದಲ್ಲಿ ಶಿದ್ರಾಮಪ್ಪನವರು ತಾವೇ ತೆವಳಿಕೊಂಡು ಹೋಗಿ ನೆಲಕ್ಕೆ ಕಿವಿ ಇಟ್ಟರು. ಬಹಳ ಹೊತ್ತಿನ ಮೇಲೆ ಎರಡೂ ಕೈಯಿಂದ ನೆಲವನ್ನು ಸವರುತ್ತ, ಮಗುವನ್ನು ರಮಿಸುವಂತೆ ಹೇಳಿದರು.

“ತಿಳೀಲಿಲ್ಲಪ್ಪಾ. ಕಾಯಾಕತ್ತೇನಿ ಅಂತ ತಿಳಕೊಂಡಿದ್ದೆ. ತಿಳೀಲಿಲ್ಲ ನನಗ.”

ಸೋಮವಾರ ಬೆಳಿಗ್ಗೆ ಮಠದ ಅಯ್ಯನವರು ಬಂದು ಮಂತ್ರ ಹೇಳಿ ವಿಭೂತಿ ಎಸೆದರು. ಮುಂಬಾಗಿಲು, ಹಿತ್ತಿಲ ಬಾಗಿಲು, ಕಿಟಕಿ ಎಲ್ಲವನ್ನೂ ಗಂಗವ್ವ ತೆರೆದಳು. ಓಣಿಯವರು ಬಾಯಿಗೆ ಸೆರಗು ಹಿಡಿದು ಅಂಗಳದಲ್ಲಿ ನಿಂತಿದ್ದರು. ಈರಪ್ಪ ದೂರ ನಿಂತು ಉದ್ದನೆಯ ಹಾರೆಯಿಂದ ಚಪ್ಪಡಿ ಮೀಟಿದ.

ಮೊದಲು ಬಂದದ್ದು ತಣ್ಣನೆಯ ಗಾಳಿ. ಕೊಳೆತ ಜೋಳದ ವಾಸನೆ ಅದರಲ್ಲಿತ್ತು. ಬಾಗಿಲಲ್ಲಿ ನಿಲ್ಲಿಸಿದ್ದ ಮುದುಕರ ಬಿಳಿ ಮೀಸೆ ಅದಕ್ಕೆ ಅಲುಗಾಡಿತು. ಹೊರಗೆ ಬೇವಿನ ಮರದ ಎಲೆಯೊಂದೂ ಅಲುಗುತ್ತಿರಲಿಲ್ಲ. ಒಂದು ಹಗೇವಿನಲ್ಲಿ ಅಷ್ಟು ಗಾಳಿ ಹಿಡಿಯುವುದು ಹೇಗೋ, ಅದು ಬರುತ್ತಲೇ ಇತ್ತು, ನಿಟ್ಟುಸಿರಿನಂತೆ, ಒಂದೇ ಸಮನೆ. ಅವರ ಮುಖ ದಾಟಿತು. ಗಂಗವ್ವನ ಹಣೆಯ ಕೂದಲು ಸರಿಸಿತು. ಬಾಗಿಲಿಂದಾಚೆ ಹೋಯಿತು.

“ಹೋಗಪ್ಪಾ ಸಾಬಣ್ಣಾ,” ಎಂದರು ಶಿದ್ರಾಮಪ್ಪನವರು. “ಇನ್ನ ಹೋಗು. ಬಾಗಲಾ ತಗದೇನಿ.”

ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟರು. ಒಂದಾಳುದ್ದ ಇಳಿಯುವಷ್ಟರಲ್ಲಿ ಯಾರೋ ಬೆರಳಿನಿಂದ ಹೊಸಕಿದಂತೆ ದೀಪ ಆರಿತು. ಸತ್ತ ದೀಪ ಮೇಲೆ ಬಂದಾಗ ಗಂಗವ್ವ ಅದನ್ನು ನೋಡಿದಳು, ಈರಪ್ಪನನ್ನು ನೋಡಿದಳು, ಅಲ್ಲಿ ನಿಲ್ಲಲಾರದೆ ಹೊರಗೆ ಹೋಗಿ ಬೇವಿನ ಮರವನ್ನು ತಬ್ಬಿಕೊಂಡು ಅತ್ತಳು.

ಮರುದಿನ ದೀಪ ತಳದವರೆಗೂ ಉರಿಯಿತು. ಕರ್ರಗಾದ ಜೋಳ ತೆಗೆಸಿದರು. ಓಣಿಯವರೆಲ್ಲ ಬುಟ್ಟಿ ಹಿಡಿದು ಬಂದು ಹಗೇವನ್ನು ಮಣ್ಣಿನಿಂದ ತುಂಬಿದರು. ಹಣಮವ್ವ ಒಂದೊಂದು ಬುಟ್ಟಿಗೂ ಒಂದೊಂದು ಬೈಗುಳ ಬೈದು, ಒಂದೊಂದು ಸಲ ಕಣ್ಣೊರೆಸಿಕೊಂಡಳು. ಮಣ್ಣು ಬಿಗಿದ ಮೇಲೆ ಈರಪ್ಪ ಮಗ್ಗಕ್ಕೆ ಬೇರೆ ಮೂಲೆ ನೋಡುತ್ತಿದ್ದ. ಶಿದ್ರಾಮಪ್ಪನವರು ತಡೆದರು.

“ಬ್ಯಾಡ. ಅಲ್ಲೇ ಹೂಡು. ಆ ಜಾಗಾದಾಗ ಇನ್ನ ಜೀವಂತ ಮನಷ್ಯಾನ ಕಾಲ ಆಡಲಿ.”

ಮನೆಯ ವ್ಯವಹಾರ ಮುಗಿದು ಮಗ್ಗ ಹೂಡಿದ ಮೇಲೆ ಒಂದು ಮಧ್ಯಾಹ್ನ ಈರಪ್ಪ ನೂಲಿನ ಲಡಿಗಳನ್ನು ಹರವಿಕೊಂಡು ಕೂತಿದ್ದ. ಬೀಳಗಿಗೆ ಒಯ್ಯುವ ಪಾತ್ರೆ ಕಟ್ಟುತ್ತಿದ್ದ ಗಂಗವ್ವನನ್ನು ಕೇಳಿದ.

“ಗಂಗವ್ವಾರ, ಒಂದ ದಡಿ ಸೀರಿ ಹಾಕಬೇಕಂತ ಮಾಡೇನಿ. ಯಾವ ಬಣ್ಣ ಛಲೋ?”

“ಯಾರಿಗೆ?”

“ಉಡಾವರಿಗೆ.”

“ಉಡಾವರಿಗೆ ಕೇಳ್ರಿ.”

“ಕೇಳಾಕತ್ತೇನಿ.”

ಅವಳ ಕೈಯಲ್ಲಿದ್ದ ಹಿತ್ತಾಳೆ ಬಟ್ಟಲು ಕಣ್ಣೆದುರೇ ಉರುಳಿಹೋಯಿತು. ಅವರ ಕಡೆ ಗಂಡ ಸತ್ತವಳಿಗೆ ಮತ್ತೊಬ್ಬ ಹೊಸ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವುದುಂಟು. ಅದಕ್ಕೆ ಉಡಕಿ ಎನ್ನುತ್ತಾರೆ. ಆದರೆ ಅದು ತನ್ನ ಪಾಲಿಗೂ ಇರುವ ಮಾತೆಂದು ಅವಳು ಎಣಿಸಿರಲಿಲ್ಲ.

“ಇವರನ್ನ ಮರತಬಿಡು ಅಂತ ನನಗ ಅನ್ನಬಾರದು,” ಎಂದಳು ಬಟ್ಟಲು ಎತ್ತಿಕೊಳ್ಳುತ್ತ.

“ನಾ ಮಾದೇವಿನ್ನ ಮರತಿಲ್ಲ. ಇಬ್ಬರೂ ಇರಲಿ ಬಿಡ್ರಿ. ಮನಿ ದೊಡ್ಡದೈತಿ.”

“ಮಾವಾರನ್ನ ಬಿಟ್ಟು ನಾ ಇರಾಕಿ ಅಲ್ಲ.”

ಒಳಕೋಣೆಯಿಂದ ಶಿದ್ರಾಮಪ್ಪನವರ ದನಿ ಬಂತು. “ನಾ ಬೀಳಗಿಗೆ ಹೋಗೂದಿಲ್ಲ. ಅಲ್ಲೆ ಮಗ್ಗದ ಸಪ್ಪಳ ಇಲ್ಲ, ನನಗ ನಿದ್ದಿ ಹತ್ತೂದಿಲ್ಲ. ಗಂಗವ್ವಾ, ಬಣ್ಣ ಹೇಳಬೇ, ಹುಡುಗ ಕಾಯಾಕತ್ತಾನ. ಮಗಳನ್ನ ಕೊಡತೇನಿ ನಾನು, ಸೊಸೀನ್ನಲ್ಲ.”

ಗಂಗವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ನಗೆಯೋ ಅಳುವೋ ಅವಳಿಗೇ ತಿಳಿಯಲಿಲ್ಲ.

“ನೀಲಿ ಬ್ಯಾಡ,” ಎಂದಳು. “ಅದು ನಿಮ್ಮ ಉಗರಾಗ ಬೇಕಾದಷ್ಟೈತಿ. ದಾಳಿಂಬರಿ ಕೆಂಪು ಹಾಕ್ರಿ.”

ಸೀರೆ ಮುಗಿಯಿತು. ಒಂದೇ ಒಂದು ಕಡೆ, ಸೆರಗಿನ ಹತ್ತಿರ, ಲಾಳಿ ತಪ್ಪಿದ ಸಣ್ಣ ಗೆರೆ ಬಿದ್ದಿತ್ತು. ಈರಪ್ಪ ಅದನ್ನು ಮಡಚಿ ಮುಚ್ಚದೆ, ಮೊದಲು ಅದನ್ನೇ ತೋರಿಸಿ ಕೊಟ್ಟ. ಗಂಗವ್ವ ಆ ಗೆರೆಯ ಮೇಲೆ ಬೆರಳಾಡಿಸಿ, ಕಣ್ಣಿಗೊತ್ತಿಕೊಂಡಳು.

ದೀಪ ಹಚ್ಚುವ ಹೊತ್ತಿಗೆ ಹಿರಿಯರ ಮುಂದೆ ಉಡಕಿ ಆಯಿತು. ಬಂದವರು ಊಟ ಮಾಡಿ ಚದುರಿದ ಮೇಲೆ ಅವಳು ತಂಬಿಗೆಯಲ್ಲಿ ನೀರು ತುಂಬಿಕೊಂಡು ಪಡಸಾಲೆಗೆ ಬಂದಳು. ನಡುವೆ, ಮಗ್ಗದ ಅಂಚಿಗೆ ಬಂದಾಗ, ರೂಢಿಯಂತೆ, ಕಾಲೂರುವ ಮೊದಲು ತಡೆದು ನಿಂತಳು. ಕಾದಳು. ಕಾಲೂರಿದಳು. ಮತ್ತೆ ಕಾದಳು.

ಮಗ್ಗದ ಬಳಿ ಕೂತಿದ್ದ ಈರಪ್ಪ ಬಲಗಿವಿಯನ್ನು ಅವಳತ್ತ ತಿರುಗಿಸಿದ.

“ಏನ ಕೇಳಾಕತ್ತೀದಿ?”

“ಏನೂ ಕೇಳಸವಲ್ದು,” ಎಂದಳು ಗಂಗವ್ವ. ಹೇಳುವಾಗ ಅವಳ ಕಣ್ಣು ತುಂಬಿ ಬಂದವು. ಇಷ್ಟು ವರ್ಷ ಜೊತೆಗೆ ನಡೆದವರು ಹೇಳದೆ ಹೋಗುವುದಿಲ್ಲ. ಆ ತಣ್ಣನೆಯ ಗಾಳಿ ಹಣೆಯ ಕೂದಲು ಸರಿಸಿದ್ದೇ ಹೇಳಿ ಹೋದದ್ದು ಎಂದು ಅವಳಿಗೆ ಆಗ ತಿಳಿಯಿತು.

ಈರಪ್ಪ ಅವಳ ಕೈಯಿಂದ ತಂಬಿಗೆ ತೆಗೆದುಕೊಂಡು ಗಟಗಟ ಕುಡಿದ. ಕೊನೆಯ ಒಂದು ಗುಟುಕು ಉಳಿಸಿ, ಸಾಬಣ್ಣನ ಪಾಲೆಂದು ನೆಲಕ್ಕೆ ಬಿಟ್ಟ.

ನೆಲ ಕುಡಿಯಲಿಲ್ಲ. ನೀರು ಬಿದ್ದಲ್ಲೇ ನಿಂತು, ದೀಪದ ಬೆಳಕನ್ನು ಹಿಡಿದುಕೊಂಡಿತು.